ತಪ್ಪು ಯಾರದ್ದು? ತಂತಿಯನ್ನೇ ಕೇಳಿದೆವು

‘ನೀವೇನಾ ಮೇಡಂ ಆ ಸಾಫ್ಟ್‌ವೇರ್ ಮಾಡಿದ್ದು?’

ಮಲೆನಾಡಿನ ಸಣ್ಣ ಊರೊಂದರ ಸಹಕಾರ ಸಂಘದ ಶಾಖೆಗೆ ಕಾಲಿಟ್ಟ ಕೂಡಲೇ ಅಲ್ಲಿನ ಹಿರಿಯ ಗುಮಾಸ್ತರು ಕೇಳಿದ ಮೊದಲ ಪ್ರಶ್ನೆ ಇದು. ‘ಹೌದು ಸರ್, ನಾನೂ ಒಬ್ಬಳು’ ಅಂದೆ. ಅವರು ಮತ್ತೇನೂ ಹೇಳಲಿಲ್ಲ. ಡ್ರಾಯರಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ಕೇಂದ್ರ ಕಚೇರಿಯಿಂದ ಬಂದಿದ್ದ ಮೆಮೊ. ಸದಸ್ಯರ ಕೆಲಸ ತಡವಾಗುತ್ತಿದೆ, ಕಂಪ್ಯೂಟರ್ ಬಳಕೆಯಲ್ಲಿ ನಿಮಗೆ ಪರಿಣತಿ ಸಾಲದು, ಏಕೆ ಕ್ರಮ ಕೈಗೊಳ್ಳಬಾರದು ಎಂದು ವಿವರಣೆ ಕೊಡಿ ಅಂತ ಅದರಲ್ಲಿತ್ತು. ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವರು. ನಿವೃತ್ತಿಗೆ ಇನ್ನು ಏಳೇ ತಿಂಗಳು.

ಓದುತ್ತಿದ್ದ ಹಾಗೆ ನನ್ನ ಕಿವಿ ಬಿಸಿಯಾಯಿತು. ಆ ಮೆಮೊದಲ್ಲಿದ್ದ ಮಾತಿಗೆ ಮೂಲ ನಾನೇ. ಐದು ತಿಂಗಳ ಹಿಂದೆ ಈ ಶಾಖೆಯಿಂದ ‘ಸಾಫ್ಟ್‌ವೇರ್ ತುಂಬಾ ನಿಧಾನ’ ಅಂತ ದೂರು ಬಂದಿತ್ತು. ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಕೂತು ನಾನು ಅದನ್ನೇ ಓಡಿಸಿ ನೋಡಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ತೆರೆದಿತ್ತು. ‘ಸಾಫ್ಟ್‌ವೇರ್ ಸರಿಯಿದೆ, ಬಳಕೆದಾರರಿಗೆ ತರಬೇತಿ ಅಗತ್ಯ’ ಅಂತ ಬರೆದು ದೂರು ಮುಚ್ಚಿಬಿಟ್ಟೆ. ಒಂದು ಸಾಲು. ಅರ್ಧ ನಿಮಿಷದ ಕೆಲಸ. ಅದೇ ಸಾಲು ಕೇಂದ್ರ ಕಚೇರಿಯಲ್ಲಿ ಮೆಮೊ ಆಗಿ ಅವರ ಮೇಜಿಗೆ ಬಂದಿತ್ತು.

ಈ ಲೇಖನ ಆ ತಪ್ಪನ್ನು ಸರಿಮಾಡಲು ನಾವು ಯಾವ ಉಪಕರಣ ಆರಿಸಿಕೊಂಡೆವು, ಅದು ಏನು ತೋರಿಸಿತು ಎಂಬುದರ ಬಗ್ಗೆ. ಊರೂರಿನ ಶಾಖೆಗಳನ್ನು ಜೋಡಿಸುವ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಉಪಯೋಗವಾಗಬಹುದು. ‘ಸರ್ವರ್ ಬ್ಯುಸಿ’ ಎಂಬ ಉತ್ತರ ಕೇಳಿ ಕೇಳಿ ಸಾಕಾಗಿರುವ ಎಲ್ಲರಿಗೂ ಸ್ವಲ್ಪ ಕುತೂಹಲವಾದರೂ ಹುಟ್ಟಬಹುದು.

ಎಲ್ಲರೂ ಸರಿ, ಆದರೂ ಕೆಲಸ ಆಗಲ್ಲ

ಆ ಶಾಖೆಯಲ್ಲಿ ತೊಂದರೆ ಎರಡು ಬಗೆಯದಿತ್ತು. ಸದಸ್ಯರ ಖಾತೆಯ ಪುಟ ತೆರೆಯಲು ಕೆಲವೊಮ್ಮೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಲೆಡ್ಜರ್ ಪ್ರಿಂಟ್ ಕೊಟ್ಟರೆ ಪರದೆ ಹಾಗೇ ನಿಂತು, ಕೊನೆಗೆ ಸಂಪರ್ಕ ಕಡಿತ ಎಂಬ ಸಂದೇಶ ಬರುತ್ತಿತ್ತು. ಈ ಎರಡನೆಯದು ಶುರುವಾಗಿ ಎರಡು ತಿಂಗಳಾಗಿತ್ತು. ಕೌಂಟರಿನ ಮುಂದೆ ಸಾಲು ಬೆಳೆಯುತ್ತಿತ್ತು. ಹಳ್ಳಿಯಿಂದ ಬಂದವರಿಗೆ ನಾಲ್ಕೂವರೆ ಬಸ್ಸು ತಪ್ಪಿದರೆ ಮತ್ತೆ ಏಳು ಗಂಟೆಯ ತನಕ ಬಸ್ಸಿಲ್ಲ. ಬೈಗುಳವೆಲ್ಲ ಕೌಂಟರಿನ ಈಚೆ ಕೂತವರಿಗೆ.

ಸಾಫ್ಟ್‌ವೇರ್ ಮಾಡಿದ ನಾವು ‘ನೆಟ್‌ವರ್ಕ್ ಸರಿಯಿಲ್ಲ’ ಅಂದೆವು. ಲೈನ್ ಕೊಟ್ಟ ಕಂಪನಿಯವರು ‘ಪಿಂಗ್ ಸರಿಯಾಗಿ ಬರ್ತಿದೆ, ಸಾಫ್ಟ್‌ವೇರ್ ನೋಡ್ಕೊಳ್ಳಿ’ ಅಂದರು. ಸಂಘದವರು ಖರ್ಚು ಮಾಡಿ ಲೈನಿನ ವೇಗವನ್ನು 2 ಎಂಬಿಪಿಎಸ್‌ನಿಂದ 10ಕ್ಕೆ ಏರಿಸಿದರು. ನಿಧಾನ ಹಾಗೇ ಇತ್ತು. ಕೇಂದ್ರ ಕಚೇರಿಯಲ್ಲೂ ಬೇರೆ ಶಾಖೆಗಳಲ್ಲೂ ಅದೇ ಸಾಫ್ಟ್‌ವೇರ್ ಒಂದು ಮಟ್ಟಿಗೆ ನಡೆಯುತ್ತಿದ್ದುದರಿಂದ, ಉಳಿದದ್ದು ಒಬ್ಬರೇ, ವಯಸ್ಸಾದ ಗುಮಾಸ್ತರು.

ಲೆಡ್ಜರ್ ತಕರಾರು ಜಾಸ್ತಿಯಾದ ಮೇಲೆ ನಮ್ಮ ಟೀಮಿನ ನೆಟ್‌ವರ್ಕ್ ನೋಡಿಕೊಳ್ಳುವ ಹಿರಿಯರೊಬ್ಬರು ಒಂದು ಮಾತು ಹೇಳಿದರು: ‘ಇವರನ್ನ ಅವರನ್ನ ಕೇಳಿದ್ದು ಸಾಕು. ತಂತಿಯಲ್ಲಿ ಏನು ಹೋಗ್ತಿದೆ ಅಂತ ನೋಡೋಣ.’

ತಂತಿಯ ಮಾತು ಕೇಳುವ ಯಂತ್ರ

ತಂತಿಯಲ್ಲಿ ಹೋಗುವ ಪ್ರತಿಯೊಂದು ಪ್ಯಾಕೆಟ್ಟನ್ನು ಹಿಡಿದು, ಅದು ಯಾವಾಗ ಬಂತು, ಎಲ್ಲಿಂದ ಎಲ್ಲಿಗೆ, ಒಳಗೆ ಯಾವ ಭಾಷೆಯಲ್ಲಿ ಏನು ಬರೆದಿದೆ ಅಂತ ಬಿಡಿಸಿ ತೋರಿಸುವುದೇ ಪ್ರೊಟೊಕಾಲ್ ಅನಲೈಸರ್. ಅಂಚೆಯಣ್ಣನ ಚೀಲದಲ್ಲಿರುವ ಪ್ರತಿ ಕಾಗದದ ಮೇಲಿನ ಮೊಹರು, ತಾರೀಖು, ವಿಳಾಸ ಬರೆದಿಟ್ಟುಕೊಂಡ ಹಾಗೆ.

ಇದಕ್ಕೆ ಒಳ್ಳೆಯ ಇತಿಹಾಸವೇ ಇದೆ. 1986ರಲ್ಲಿ ಹ್ಯಾರಿ ಸಾಲ್ ಮತ್ತು ಲೆನ್ ಶುಸ್ಟೆಕ್ ಅಮೆರಿಕದಲ್ಲಿ ನೆಟ್‌ವರ್ಕ್ ಜನರಲ್ ಎಂಬ ಕಂಪನಿ ಕಟ್ಟಿ ‘ಸ್ನಿಫರ್’ ಎಂಬ ಉಪಕರಣ ತಂದರು. ಆ ಹೆಸರು ಎಷ್ಟು ಪ್ರಚಾರವಾಯಿತೆಂದರೆ ಇಂಥ ಉಪಕರಣಗಳಿಗೆಲ್ಲ ಜನ ಸ್ನಿಫರ್ ಅಂತಲೇ ಕರೆಯತೊಡಗಿದರು. 1988ರ ಹೊತ್ತಿಗೆ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ‘ಟಿಸಿಪಿಡಂಪ್’ ಹುಟ್ಟಿತು. ಆಮೇಲೆ ಕಾನ್ಸಸ್ ಸಿಟಿಯ ಸಣ್ಣ ಇಂಟರ್ನೆಟ್ ಕಂಪನಿಯೊಂದರಲ್ಲಿದ್ದ ಜೆರಾಲ್ಡ್ ಕೋಂಬ್ಸ್ ಎಂಬ ಎಂಜಿನಿಯರ್‌ಗೆ ಇಂಥದ್ದೊಂದು ಬೇಕಾಯಿತು. ಮಾರುಕಟ್ಟೆಯಲ್ಲಿದ್ದವು ದುಬಾರಿ. ತಾವೇ ಬರೆಯಲು ಕೂತರು. 1998ರಲ್ಲಿ ‘ಇಥೀರಿಯಲ್’ ಹೆಸರಿನಲ್ಲಿ ಅದು ಹೊರಬಂತು. ಅವರು ಕೆಲಸ ಬದಲಿಸಿದಾಗ ಆ ಹೆಸರಿನ ಹಕ್ಕು ಅವರ ಜೊತೆ ಬರಲಿಲ್ಲ. ಹಾಗಾಗಿ 2006ರಲ್ಲಿ ಅದಕ್ಕೆ ‘ವೈರ್‌ಶಾರ್ಕ್’ ಎಂಬ ಹೊಸ ಹೆಸರು ಬಂತು. ಇವತ್ತು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಬಳಸಬಹುದು.

ಯಾವುದನ್ನು ಆರಿಸುವುದು?

ಮೊದಲು ನಾವು ಒಂದು ದೊಡ್ಡ ಹಾರ್ಡ್‌ವೇರ್ ಅನಲೈಸರ್‌ಗೆ ಕೊಟೇಷನ್ ತರಿಸಿದೆವು. ಅದರಲ್ಲಿದ್ದ ಮೊತ್ತ ನನ್ನ ಒಂದು ವರ್ಷದ ಸಂಬಳದ ಹತ್ತಿರ ಇತ್ತು. ಮ್ಯಾನೇಜರ್ ಕಾಗದ ನೋಡಿ ನಕ್ಕರು. ಆದರೆ ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಉಚಿತದ್ದನ್ನು ಹಿಡಿದುಕೊಂಡರೂ ತಪ್ಪಾಗುತ್ತಿತ್ತು. ಆ ಹಿರಿಯರು ನನ್ನ ಕೈಲಿ ಕೆಲವು ಪ್ರಶ್ನೆ ಬರೆಸಿದರು. ಅದನ್ನೇ ಇಲ್ಲಿ ಕೊಡ್ತೀನಿ.

ಮೊದಲನೆಯದು, ತಂತಿ ಯಾವ ಜಾತಿಯದು? ಹಿಂದೆ ದೂರದ ಊರಿನ ಲೈನುಗಳೆಂದರೆ ವಿ.35 ಕೇಬಲ್, ಇ1 ಅಂದರೆ 2.048 ಎಂಬಿಪಿಎಸ್ ಲೈನು, ಫ್ರೇಮ್ ರಿಲೇ. ಇವುಗಳ ಒಳಗೆ ಇಣುಕಲು ಅದಕ್ಕೇ ಹೊಂದುವ ಸಾಕೆಟ್ ಇರುವ ವಿಶೇಷ ಯಂತ್ರವೇ ಬೇಕು. ಲ್ಯಾಪ್‌ಟಾಪ್‌ನಲ್ಲಿ ಅಂಥ ಸಾಕೆಟ್ ಇರಲ್ಲ. ಈಗ ಹೆಚ್ಚಿನ ಕಡೆ ಲೈನ್ ಕೊಡುವವರು ಈಥರ್ನೆಟ್ ಕೇಬಲ್‌ನಲ್ಲೇ ತಂದು ಬಿಡುತ್ತಾರೆ. ನಮ್ಮದೂ ಹಾಗೇ ಇತ್ತು. ಅಲ್ಲಿಗೆ ದೊಡ್ಡ ಖರ್ಚಿನ ಅರ್ಧ ಕಾರಣ ಹೋಯಿತು.

ಎರಡನೆಯದು, ವೇಗ ಎಷ್ಟು? ಹತ್ತು ಗಿಗಾಬಿಟ್ ಲೈನಿನಲ್ಲಿ ಸಾಧಾರಣ ಲ್ಯಾಪ್‌ಟಾಪ್ ಕೂರಿಸಿದರೆ ಅದು ಪ್ಯಾಕೆಟ್‌ಗಳನ್ನು ಕೈಚೆಲ್ಲುತ್ತದೆ. ನಾವು ಅದನ್ನು ನೋಡಿ ‘ಲೈನಿನಲ್ಲೇ ಕಳೆದುಹೋಗಿದೆ’ ಅಂದುಕೊಳ್ಳುತ್ತೇವೆ. ಅಂಥ ಕಡೆ ದುಬಾರಿ ಯಂತ್ರಕ್ಕೆ ಕೊಟ್ಟ ದುಡ್ಡು ದಂಡವಲ್ಲ. ನಮ್ಮದು 10 ಎಂಬಿಪಿಎಸ್. ಒಂದು ಗಂಟೆ ಪೂರ್ತಿ ತುಂಬಿ ಹರಿದರೂ ಒಂದು ದಿಕ್ಕಿಗೆ ಸುಮಾರು 4.5 ಜಿಬಿ. ಹಳೇ ಲ್ಯಾಪ್‌ಟಾಪ್ ಧಾರಾಳ ಸಾಕು.

ಮೂರನೆಯದು, ಎಲ್ಲಿ ನಿಂತು ನೋಡುವುದು? ಮಾಮೂಲಿ ಸ್ವಿಚ್‌ಗೆ ಲ್ಯಾಪ್‌ಟಾಪ್ ಚುಚ್ಚಿದರೆ ಪಕ್ಕದ ಕಂಪ್ಯೂಟರಿನ ಮಾತು ಕೇಳಿಸಲ್ಲ. ಒಂದು ಪೋರ್ಟಿನ ಮಾತನ್ನು ಇನ್ನೊಂದಕ್ಕೆ ನಕಲು ಮಾಡಿಕೊಡುವ ‘ಮಿರರ್’ ಸೌಲಭ್ಯ ಸ್ವಿಚ್‌ನಲ್ಲಿರಬೇಕು. ಇಲ್ಲವೇ ‘ಟ್ಯಾಪ್’ ಎಂಬ ಸಣ್ಣ ಪೆಟ್ಟಿಗೆಯನ್ನು ತಂತಿಯ ಮಧ್ಯೆ ಕೂರಿಸಬೇಕು. ನಾವು ಮಿರರ್ ಇರುವ ಸಣ್ಣ ಸ್ವಿಚ್ ಒಂದನ್ನು ಕೊಂಡೆವು. ಈ ಇಡೀ ಕಥೆಯಲ್ಲಿ ಉಪಕರಣಕ್ಕೆ ಆದ ಖರ್ಚು ಅದೊಂದೇ.

ನಾಲ್ಕನೆಯದು, ಎರಡೂ ತುದಿಯಲ್ಲಿ ಒಟ್ಟಿಗೆ ಹಿಡಿಯಬಹುದೇ? ದೂರದ ನೆಟ್‌ವರ್ಕ್‌ಗೆ ಇದೇ ಮುಖ್ಯ. ಒಂದೇ ತುದಿಯಲ್ಲಿ ನಿಂತರೆ ‘ಉತ್ತರ ಬರಲಿಲ್ಲ’ ಅನ್ನುವುದಷ್ಟೇ ಗೊತ್ತಾಗುತ್ತದೆ. ಕಳಿಸಲೇ ಇಲ್ಲವೋ, ಕಳಿಸಿದ್ದು ದಾರಿಯಲ್ಲಿ ಹೋಯಿತೋ ಗೊತ್ತಾಗಲ್ಲ. ದುಬಾರಿ ಯಂತ್ರವಾದರೆ ಎರಡು ಬೇಕು. ವೈರ್‌ಶಾರ್ಕ್ ಮತ್ತು ಟಿಸಿಪಿಡಂಪ್ ಒಂದೇ ಬಗೆಯ ಫೈಲ್ ಓದುತ್ತವೆ. ಹಾಗಾಗಿ ಮುಂಬೈನ ಡೇಟಾ ಸೆಂಟರಿನಲ್ಲಿದ್ದ ನಮ್ಮ ಸರ್ವರ್‌ನಲ್ಲಿ ಟಿಸಿಪಿಡಂಪ್, ಶಾಖೆಯ ಲ್ಯಾಪ್‌ಟಾಪ್‌ನಲ್ಲಿ ವೈರ್‌ಶಾರ್ಕ್ ಅಂತ ತೀರ್ಮಾನವಾಯಿತು. ಎರಡೂ ಕಡೆಯ ಗಡಿಯಾರವನ್ನು ಎನ್‌ಟಿಪಿ ಮೂಲಕ ಹೊಂದಿಸಿಕೊಂಡೆವು. ಗಡಿಯಾರ ಬೇರೆ ಬೇರೆ ಹೇಳಿದರೆ ಎರಡು ಸಾಕ್ಷಿಗಳ ಮಾತು ತಾಳೆಯಾಗಲ್ಲ.

ಐದನೆಯದು, ಅನುಮತಿ ಇದೆಯೇ? ಇದನ್ನು ಕೊನೆಗೆ ಹೇಳ್ತಿದ್ದೀನಿ, ಆದರೆ ಮೊದಲು ಮಾಡಬೇಕಾದ್ದು ಇದನ್ನೇ. ಹಿಡಿದ ಪ್ಯಾಕೆಟ್‌ಗಳಲ್ಲಿ ಜನರ ಸಾಲ, ಠೇವಣಿ, ಕೆಲವೊಮ್ಮೆ ಪಾಸ್‌ವರ್ಡ್ ಕೂಡ ಇರಬಹುದು. ಮಾಲೀಕರ ಅನುಮತಿ ಇಲ್ಲದೆ ಅವರ ನೆಟ್‌ವರ್ಕಿನಿಂದ ದತ್ತಾಂಶ ನಕಲು ಮಾಡಿಕೊಳ್ಳುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿಗೆ ಬರುತ್ತದೆ. ಸಂಘದಿಂದ ಲಿಖಿತ ಒಪ್ಪಿಗೆ ತಗೊಂಡೆವು. ಮಾಮೂಲಿ ವಹಿವಾಟಿನ ಪ್ಯಾಕೆಟ್‌ಗಳಲ್ಲಿ ಮೊದಲ 96 ಬೈಟ್ ಮಾತ್ರ ಉಳಿಸಿದೆವು. ವಿಳಾಸ, ಸಮಯ, ಗಾತ್ರ ತಿಳಿಯಲು ಅಷ್ಟು ಸಾಕಾಗುತ್ತದೆ. ಒಂದು ಪರೀಕ್ಷಾ ಖಾತೆಗೆ ಮಾತ್ರ ಪೂರ್ತಿ ಹಿಡಿದೆವು.

ಹಳಬರು ಬಂದರೆ ತಡ, ಹೊಸಬರು ಬಂದರೆ ಬೇಗ

ಮತ್ತೆ ಶಾಖೆಗೆ ಬರೋಣ. ಮೆಮೊ ಓದಿ ಮುಗಿಸಿದೆ. ಆ ಸಾಲು ಬರೆದದ್ದು ನಾನೇ ಅಂತ ಹೇಳಲು ಬಾಯಿ ಬರಲಿಲ್ಲ. ಸ್ವಿಚ್ ಜೋಡಿಸುತ್ತಾ, ‘ಸರ್, ಯಾವಾಗ ಜಾಸ್ತಿ ನಿಧಾನ ಆಗುತ್ತೆ?’ ಅಂತ ಕೇಳಿದೆ.

‘ಯಾವಾಗ ಅಂತಲ್ಲಮ್ಮಾ, ಯಾರಿಗೆ ಅಂತ ಕೇಳಿ. ಹಳೇ ಸದಸ್ಯರು ಬಂದ್ರೆ ತಡ. ಹೊಸಬರು ಬಂದ್ರೆ ಬೇಗ. ಫೋನಿನಲ್ಲಿ ಹೇಳಿದ್ದೆ, ಯಾರೂ ಬರ್ಕೊಳ್ಳಲಿಲ್ಲ.’

ಅಂದವರೇ ಒಂದು ನೋಟ್‌ಬುಕ್ ತೆಗೆದರು. ಸದಸ್ಯತ್ವದ ಸಂಖ್ಯೆ, ಪುಟ ತೆರೆಯಲು ಹಿಡಿದ ಸೆಕೆಂಡು. ಗೋಡೆ ಗಡಿಯಾರ ನೋಡಿ ಬರೆದದ್ದು, ಮೂರು ವಾರದ್ದು, ನೇರ ಅಕ್ಷರದಲ್ಲಿ. ಕಡಿಮೆ ಸಂಖ್ಯೆಯ, ಅಂದರೆ ಹಳೆಯ ಸದಸ್ಯರ ಮುಂದೆಲ್ಲ 25, 28, 31. ಇತ್ತೀಚಿನವರ ಮುಂದೆ 3, 4. ಎಂಜಿನಿಯರಿಂಗ್ ಓದಿದ ನಾನು ಒಂದು ದಿನವೂ ಇಂಥ ಪಟ್ಟಿ ಮಾಡಿರಲಿಲ್ಲ.

ನಮ್ಮ ಪರೀಕ್ಷಾ ಖಾತೆಗೆ ಹಳೆಯ ಸದಸ್ಯರೊಬ್ಬರಷ್ಟೇ ವಹಿವಾಟು ತುಂಬಿಸಿಟ್ಟಿದ್ದೆವು. ಅದನ್ನು ತೆರೆಯಲು ಹೇಳಿದೆ. ವೈರ್‌ಶಾರ್ಕ್ ಪರದೆಯ ಮೇಲೆ ಸಾಲುಗಳು ಓಡಿದವು. ಒಂದು ಪ್ರಶ್ನೆ ಹೋಗುತ್ತದೆ, 70 ಮಿಲಿಸೆಕೆಂಡ್ ಬಿಟ್ಟು ಉತ್ತರ ಬರುತ್ತದೆ. ಮತ್ತೆ ಒಂದು ಪ್ರಶ್ನೆ, ಮತ್ತೆ 70. ಎಣಿಸಿದರೆ ಒಟ್ಟು 412 ಸಲ. 412ನ್ನು 70ರಿಂದ ಗುಣಿಸಿ ನೋಡಿ, ಸುಮಾರು 29 ಸೆಕೆಂಡು.

ಸಾಲದ ಒಂದೊಂದು ಕಂತಿಗೂ ನಮ್ಮ ಸಾಫ್ಟ್‌ವೇರ್ ಮುಂಬೈಗೆ ಪ್ರತ್ಯೇಕವಾಗಿ ಹೋಗಿ ಬರುತ್ತಿತ್ತು. ಅಡುಗೆಗೆ ಸಾಮಾನು ತರಲು ಮಗನನ್ನು ಅಂಗಡಿಗೆ ಅಟ್ಟಿ, ಸಾಸಿವೆ ತಂದ ಮೇಲೆ ಕರಿಬೇವಿಗೆ, ಕರಿಬೇವು ತಂದ ಮೇಲೆ ಇಂಗಿಗೆ ಮತ್ತೆ ಕಳಿಸಿದ ಹಾಗೆ. ಅಂಗಡಿ ಮನೆಯ ಕೆಳಗೇ ಇದ್ದರೆ ಗೊತ್ತೇ ಆಗಲ್ಲ. ನಮ್ಮ ಆಫೀಸಿನಲ್ಲಿ ಸರ್ವರ್ ಪಕ್ಕದ ಕೋಣೆಯಲ್ಲಿತ್ತು. ಒಂದು ಸಲ ಹೋಗಿ ಬರಲು ಅರ್ಧ ಮಿಲಿಸೆಕೆಂಡ್, 412 ಸಲಕ್ಕೆ ಬರೀ 0.2 ಸೆಕೆಂಡು. ಕೇಂದ್ರ ಕಚೇರಿಗೆ ಒಳ್ಳೆಯ ಲೀಸ್ಡ್ ಲೈನ್ ಇತ್ತು, 15 ಮಿಲಿಸೆಕೆಂಡ್. ಅಲ್ಲಿ ಆರು ಸೆಕೆಂಡಿನಲ್ಲಿ ತೆರೆಯುತ್ತಿತ್ತು. ಬೇರೆ ಶಾಖೆಗಳು ಹೊಸವು, ಸದಸ್ಯರೂ ಹೊಸಬರು. ಹಳೆಯ ಸದಸ್ಯರೂ ದೂರದ ಲೈನೂ ಎರಡೂ ಸೇರಿದ್ದು ಈ ಒಂದು ಶಾಖೆಯಲ್ಲಿ ಮಾತ್ರ.

ಲೈನನ್ನು 10 ಎಂಬಿಪಿಎಸ್‌ಗೆ ಏರಿಸಿದರೂ ಏಕೆ ಪ್ರಯೋಜನವಾಗಲಿಲ್ಲ ಅಂತ ಈಗ ಹೊಳೆಯಿತು. ರಸ್ತೆ ಅಗಲ ಮಾಡಿದರೆ ಒಟ್ಟಿಗೆ ಹೆಚ್ಚು ಗಾಡಿ ಹೋಗಬಹುದು. ಊರಿನ ದೂರವೇನೂ ಕಮ್ಮಿಯಾಗಲ್ಲ.

ತಪ್ಪು ಲೈನಿನದ್ದಲ್ಲ, ಗುಮಾಸ್ತರದ್ದಲ್ಲ. ಆ ಕೋಡ್ ಬರೆದದ್ದು ನಾನು.

ಘಾಟಿಯಲ್ಲಿ ಸಿಕ್ಕಿಕೊಂಡ ಲಾರಿ

ಲೆಡ್ಜರ್ ಪ್ರಿಂಟಿನ ಕಥೆ ಬೇರೆ. ಅದಕ್ಕೆ ಎರಡೂ ತುದಿಯ ಫೈಲ್ ಬೇಕೇ ಬೇಕಾಯಿತು. ಮುಂಬೈನ ಫೈಲಿನಲ್ಲಿ ಸರ್ವರ್ 1500 ಬೈಟ್‌ನ ಪೂರ್ತಿ ಗಾತ್ರದ ಪ್ಯಾಕೆಟ್ ಕಳಿಸಿದ್ದು ಕಾಣುತ್ತಿತ್ತು. ಉತ್ತರ ಬರದಿದ್ದಾಗ ಅದನ್ನೇ ಮತ್ತೆ, ಮತ್ತೆ, ಪ್ರತಿ ಸಲ ಎರಡರಷ್ಟು ಹೊತ್ತು ಕಾದು ಕಳಿಸುತ್ತಿತ್ತು. ಶಾಖೆಯ ಫೈಲಿನಲ್ಲಿ ಆ ಪ್ಯಾಕೆಟ್ ಒಂದು ಸಲವೂ ಬಂದಿರಲಿಲ್ಲ. ಸಣ್ಣ ಪ್ಯಾಕೆಟ್‌ಗಳೆಲ್ಲ ಮಾತ್ರ ಸುಖವಾಗಿ ಬಂದು ಸೇರಿದ್ದವು.

ಲೈನ್ ಬದಲಿಸಿದಾಗ ಅದರ ಮೇಲೆ ಹೊಸ ವಿಪಿಎನ್ ಸುರಂಗ ಕೂರಿಸಿದ್ದರು. ಪ್ರತಿ ಪ್ಯಾಕೆಟ್ಟಿಗೂ ಸುರಂಗ ತನ್ನದೊಂದು ಹೊದಿಕೆ ಹಾಕುವುದರಿಂದ ಒಳಗೆ 1400 ಬೈಟ್‌ಗಿಂತ ದೊಡ್ಡದು ಹಿಡಿಸುತ್ತಿರಲಿಲ್ಲ. ಹಾಗಾದಾಗ ಮಧ್ಯದ ರೂಟರ್ ‘ಇದು ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸಿ’ ಎಂಬ ಐಸಿಎಂಪಿ ಸಂದೇಶವನ್ನು ಕಳಿಸಿದವರಿಗೆ ವಾಪಸ್ ಕೊಡಬೇಕು. 1990ರಿಂದಲೇ ಇರುವ ನಿಯಮ ಇದು. ರೂಟರ್ ಕೊಟ್ಟಿತ್ತು ಕೂಡ. ಆದರೆ ಸರ್ವರ್ ಮುಂದಿನ ಫೈರ್‌ವಾಲ್‌ನಲ್ಲಿ ಭದ್ರತೆಯ ಹೆಸರಿನಲ್ಲಿ ಇಂಥ ಐಸಿಎಂಪಿ ಸಂದೇಶಗಳು ಬಂದ್. ಘಾಟಿಯ ಕೆಳಗೆ ಲಾರಿಯ ಎತ್ತರಕ್ಕೆ ಅಡ್ಡಗಂಬ ಹಾಕಿದ್ದಾರೆ, ಆದರೆ ಹಿಂದೆ ಬರುವವರಿಗೆ ಹೇಳಲು ಹೋದವನನ್ನು ಚೆಕ್‌ಪೋಸ್ಟಿನಲ್ಲಿ ತಡೆದಿದ್ದಾರೆ. ಲಾರಿಗಳು ಬರುತ್ತಲೇ ಇವೆ, ಅಲ್ಲೇ ಮಾಯವಾಗುತ್ತಲೇ ಇವೆ.

ಲೈನ್ ಕಂಪನಿಯವರ ‘ಪಿಂಗ್ ಬರ್ತಿದೆ’ ಎಂಬ ಮಾತೂ ಸುಳ್ಳಲ್ಲ. ಮಾಮೂಲಿ ಪಿಂಗ್ ಪುಟ್ಟ ಪ್ಯಾಕೆಟ್, ಸೈಕಲ್ಲಿನ ಹಾಗೆ ಗಂಬದ ಕೆಳಗೆ ತೂರಿ ಹೋಗುತ್ತದೆ. ‘ಒಡೆಯಬಾರದು’ ಎಂಬ ಗುರುತು ಹಾಕಿ ಸರ್ವರ್ ಕಡೆಯಿಂದ 1472 ಬೈಟ್ ಪಿಂಗ್ ಕಳಿಸಿದೆವು. ಅದಕ್ಕೆ 28 ಬೈಟ್ ತಲೆಬರಹ ಸೇರಿ 1500 ಆಗುತ್ತದೆ. ಉತ್ತರವಿಲ್ಲ. 1372 ಕಳಿಸಿದೆವು, ಬಂತು. ಎರಡೂ ತುದಿಯ ಫೈಲನ್ನು ಅಕ್ಕಪಕ್ಕ ಇಟ್ಟು ಕಳಿಸಿದ ಮೇಲೆ ಲೈನ್ ಕಂಪನಿಯವರು ವಾದ ಮಾಡಲಿಲ್ಲ. ರೂಟರ್‌ನಲ್ಲಿ ಟಿಸಿಪಿ ತುಂಡಿನ ಮಿತಿಯನ್ನು 1360ಕ್ಕೆ ಇಳಿಸಿದರು. ಫೈರ್‌ವಾಲ್‌ನಲ್ಲಿ ಆ ಒಂದು ಬಗೆಯ ಸಂದೇಶಕ್ಕೆ ನಾವು ದಾರಿ ಬಿಟ್ಟೆವು. ಅದೇ ಮಧ್ಯಾಹ್ನ ಲೆಡ್ಜರ್ ಪ್ರಿಂಟ್ ಆಯಿತು.

ಇದನ್ನು ಮೊದಲು ಸರಿಮಾಡಿದ್ದು ಒಳ್ಳೆಯದೇ ಆಯಿತು. ಆಮೇಲೆ ನಾನು 412 ಪ್ರಶ್ನೆಗಳನ್ನು ಆರಕ್ಕೆ ಇಳಿಸಿದೆ. ಪ್ರಶ್ನೆ ಕಡಿಮೆಯಾದಾಗ ಒಂದೊಂದು ಉತ್ತರ ದೊಡ್ಡದಾಗುತ್ತದೆ. ಸುರಂಗ ಹಾಗೇ ಇದ್ದಿದ್ದರೆ ನಿಧಾನವಾಗಿದ್ದ ಖಾತೆಯ ಪುಟವೂ ಪೂರ್ತಿ ನಿಂತೇ ಹೋಗುತ್ತಿತ್ತು. ಈಗ ಹಳೆಯ ಸದಸ್ಯರ ಪುಟವೂ ಒಂದು ಸೆಕೆಂಡಿನೊಳಗೆ ತೆರೆಯುತ್ತದೆ.

ಇನ್ನೊಂದು ಸಾಲು

ಆ ಸಂಜೆ ಹೊರಡುವ ಮೊದಲು ಹೇಳಿದೆ. ‘ಸರ್, ಮೆಮೊದಲ್ಲಿರೋ ಮಾತು ಮೊದಲು ಬರೆದದ್ದು ನಾನೇ. ನೋಡದೆ ಬರೆದೆ.’

ಅವರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, ‘ಈಗ ನೋಡಿದ್ರಲ್ಲ. ನೋಡಿದ್ದನ್ನ ಬರೆದು ಕೊಡಿ’ ಅಂದರು. ಅಷ್ಟೇ.

ಬರೆದು ಕೊಟ್ಟೆ. ತಡಕ್ಕೆ ಕಾರಣ ಸಾಫ್ಟ್‌ವೇರಿನ ವಿನ್ಯಾಸ ಮತ್ತು ಲೈನಿನ ಹೊಂದಾಣಿಕೆ, ಗುಮಾಸ್ತರಲ್ಲ ಅಂತ ಸ್ಪಷ್ಟವಾಗಿ, ಸಂಖ್ಯೆಗಳ ಸಮೇತ. ಅವರ ನೋಟ್‌ಬುಕ್ಕಿನ ಪುಟಗಳ ಪ್ರತಿಯನ್ನೂ ಲಗತ್ತಿಸಿದೆ. ಮ್ಯಾನೇಜರ್‌ಗೆ ಆ ಪತ್ರ ಅಷ್ಟೇನೂ ಹಿಡಿಸಲಿಲ್ಲ. ತಪ್ಪು ನಮ್ಮದು ಅಂತ ನಾವೇ ಸಹಿ ಹಾಕಿ ಕೊಡುವುದಾ ಅಂದರು. ಆದರೂ ಕಳಿಸಿದರು. ತಿಂಗಳಾದ ಮೇಲೆ ಮೆಮೊ ವಾಪಸ್ ಪಡೆದ ಎರಡು ಸಾಲಿನ ಕಾಗದ ಶಾಖೆಗೆ ಬಂತಂತೆ. ಗುಮಾಸ್ತರು ಅದರ ಫೋಟೊ ಕಳಿಸಿದರು. ಕೆಳಗೆ ಬರೆದಿದ್ದರು: ‘ಇವತ್ತು ನಾಲ್ಕೂವರೆ ಬಸ್ಸಿಗೆ ಎಲ್ಲರೂ ಹೋದರು.’

ನಿಮ್ಮಲ್ಲಿ ಯಾರಾದರೂ ಇಂಥ ಉಪಕರಣ ಆರಿಸಬೇಕಿದ್ದರೆ ನನ್ನ ಅನುಭವದ ಮಾತು ಇಷ್ಟು. ಬೆಲೆ ಪಟ್ಟಿ ನೋಡುವ ಮುಂಚೆ ನಿಮ್ಮ ತಂತಿ ಯಾವುದು, ವೇಗ ಎಷ್ಟು, ಎರಡೂ ತುದಿಗೆ ಹೋಗಬಹುದೇ, ಅನುಮತಿ ಇದೆಯೇ ನೋಡಿ. ಸಣ್ಣ, ಮಧ್ಯಮ ಲೈನುಗಳಿಗೆ ವೈರ್‌ಶಾರ್ಕ್ ಮತ್ತು ಒಂದು ಮಿರರ್ ಸ್ವಿಚ್ ಹೆಚ್ಚಿನ ಕೆಲಸ ಮಾಡುತ್ತವೆ. ಭಾರಿ ವೇಗದ ಲೈನಿಗೆ, ಹಳೆಯ ಬಗೆಯ ಇ1ನಂಥ ಲೈನಿಗೆ ದುಬಾರಿ ಯಂತ್ರವೇ ಬೇಕು. ಸಂಪರ್ಕ ಗೂಢಲಿಪಿಯಲ್ಲಿದ್ದರೆ ಒಳಗಿನ ಮಾತು ಕಾಣಲ್ಲ. ಆದರೂ ಗಾತ್ರ ಮತ್ತು ಸಮಯ ಕಾಣುತ್ತದೆ, ಎಷ್ಟೋ ಸಲ ಅಷ್ಟರಲ್ಲೇ ಕಳ್ಳ ಸಿಗುತ್ತಾನೆ.

ಹೊಸ ಸಾಫ್ಟ್‌ವೇರ್ ಪರೀಕ್ಷಿಸುವಾಗ ಈಗ ನಾನು ಬೇಕೆಂದೇ 70 ಮಿಲಿಸೆಕೆಂಡ್ ತಡ ಸೇರಿಸಿ ಓಡಿಸುತ್ತೇನೆ. ದೂರು ಬಂದಾಗ ಮೊದಲು ಕೇಳುವ ಪ್ರಶ್ನೆಯೂ ಬದಲಾಗಿದೆ. ‘ಯಾವಾಗ ನಿಧಾನ’ ಅಂತ ಕೇಳಿದ ಮೇಲೆ ‘ಯಾರಿಗೆ ನಿಧಾನ’ ಅಂತಲೂ ಕೇಳ್ತೀನಿ. ಉತ್ತರ ಬರೆದುಕೊಳ್ತೀನಿ ಕೂಡ.